ಒಂದು ಗೇಣು ಪಟ್ಟಿ

ಆ ಬೋಟಿನಲ್ಲಿ ಲೈಫ್ ಜಾಕೆಟ್ಟುಗಳಿಗೆ ಕೆಲಸವೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಶುದ್ಧ ಸುಳ್ಳು. ಅವು ದುಡಿದ ಹಾಗೆ ಆ ಬೋಟಿನ ಮನುಷ್ಯರೂ ದುಡಿಯುತ್ತಿರಲಿಲ್ಲ. ಒಂದು ಅಡುಗೆಯವನ ದಿಂಬು. ಒಂದನ್ನು ಎಂಜಿನ್ ಮಿಸ್ತ್ರಿ ಮೊಣಕಾಲಿಗೆ ಹಾಸಿಕೊಂಡು ಎಣ್ಣೆ ಬದಲಾಯಿಸುತ್ತಿದ್ದ. ಅದು ಮೊದಲು ಕಿತ್ತಳೆ ಬಣ್ಣದ್ದಾಗಿತ್ತು ಅಂತ ಅವನೇ ಹೇಳಬೇಕು, ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ. ಇನ್ನೊಂದು ಬೋಟಿನ ಹೊರಮೈಗೆ, ಹಳೇ ಟೈರುಗಳ ಪಕ್ಕ ನೇತಾಡುತ್ತಿತ್ತು. ಬಂದರಿನ ಕಟ್ಟೆಗೆ ಬೋಟು ಉಜ್ಜಬಾರದಲ್ಲ, ಅದಕ್ಕೆ. ಉಜ್ಜಿ ಉಜ್ಜಿ ಅದು ಹರಿದು ಒಳಗಿನ ಸ್ಪಂಜೆಲ್ಲ ಉದುರಿಹೋದಾಗ, ಅಡುಗೆಯವನು ಬಲೆಯ ಚೂರು, ಗೋಣಿ ತುಂಡು ತುರುಕಿ ಬಲೆ ಹೊಲಿಯುವ ಸೂಜಿಯಿಂದಲೇ ಹೊಲಿದಿದ್ದ. ಭಲೇ, ಎಂಥ ಕೈಚಳಕ ಅಂತ ಎಲ್ಲರೂ ಅವನ ಬೆನ್ನು ತಟ್ಟಿದ್ದರು.

ನಾಲ್ಕನೆಯದು ತಾಂಡೇಲನ ಅಂಡಿನ ಕೆಳಗೆ.

ತಾಂಡೇಲ ಅಂದರೆ ಬೋಟು ನಡೆಸುವವನು, ಅದರ ಮೇಲಿರುವವರಿಗೆಲ್ಲ ಹಿರಿಯ. ಎದುರಿಗೆ ಎಲ್ಲರೂ ಅವನನ್ನು ಅಣ್ಣ ಅನ್ನುತ್ತಿದ್ದರು. ಹಿಂದಿನಿಂದ ಪೀಪಾಯಿ. ಅವನಿಗೂ ಅದು ಗೊತ್ತಿತ್ತು, ಬೇಜಾರಿರಲಿಲ್ಲ; ಹೊಟ್ಟೆ ಅಂದರೆ ಹಾಗಿತ್ತು, ಸುಳ್ಳು ಹೇಳಿ ಪ್ರಯೋಜನವೇನು. ಅವನು ಮೂಲೆ ತಿರುಗಿದರೆ ಮೊದಲು ಹೊಟ್ಟೆ ಬಂದು, ಆಮೇಲೆ ಇವನು ಬರುತ್ತಿದ್ದ. ಪ್ಯಾಂಟು ಹೊಲಿಸುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಇಲಾಸ್ಟಿಕ್ ಚಡ್ಡಿಗೆ ಮನುಷ್ಯನ ಅಳತೆ ಯಾಕೆ ಬೇಕು, ಅದಾಗೇ ಹೊಂದಿಕೊಳ್ಳುತ್ತೆ ಅನ್ನುವುದು ಅವನ ವಾದ.

ಈಗ ಅಸಲು ವಿಷಯಕ್ಕೆ ಬರೋಣ. ಆ ಜಾಕೆಟ್ಟುಗಳು ಹೊಸದಾಗಿ ಬೋಟಿಗೆ ಬಂದ ದಿನ, ಐದು ವರ್ಷದ ಹಿಂದೆ, ತಾಂಡೇಲ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಒಂದನ್ನು ತೊಟ್ಟು ನೋಡಿದ್ದ. ತೋಳು ಸರಿ, ಬೆನ್ನು ಸರಿ. ಮುಂದೆ ಪಟ್ಟಿ ಎಳೆದರೆ ಬಕಲ್ಲು ಈ ಕಡೆ, ಪಟ್ಟಿ ಆ ಕಡೆ, ನಡುವೆ ಒಂದು ಗೇಣು ಹೊಟ್ಟೆ. ಉಸಿರು ಬಿಟ್ಟ. ಉಸಿರು ಎಳೆದ. ಗೋಡೆಗೆ ಒರಗಿ ಹೊಟ್ಟೆಯನ್ನು ಒಳಗೆ ತಳ್ಳಿದ. ಹೊಟ್ಟೆ ಜಪ್ಪಯ್ಯ ಅನ್ನಲಿಲ್ಲ. ಹೊರಗೆ ಅಡುಗೆಯವನೂ ಮಿಸ್ತ್ರಿಯೂ ಕಾಯುತ್ತಿದ್ದರು. ಸೈಜು ಸಾಲಲ್ಲ ಅಂತ ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಬಾಗಿಲು ತೆಗೆದು ಬಂದವನೇ ಭಾಷಣ ಬಿಗಿದ.

"ಇದನ್ನ ಹಾಕ್ಕೊಳ್ಳೋನು ಕಡಲಿಗೆ ಯಾಕ್ರೋ ಬರಬೇಕು? ಮನೇಲಿ ಬಕೆಟ್ಟಲ್ಲಿ ಸ್ನಾನ ಮಾಡ್ಕೊಂಡಿರಲಿ. ನನ್ನ ಬೋಟಲ್ಲಿ ನಾನಿದ್ದೀನಿ. ನನ್ನ ಮೇಲೆ ನಂಬಿಕೆ ಇಲ್ಲದೋನು ಹಾಕ್ಕೊಳ್ಳಿ."

ಮುಗಿಯಿತು. ಅದೇ ಕಾನೂನಾಯಿತು. ಬೋಟಿನ ಮೇಲೆ ರೂಢಿಯೇ ಹಾಗೆ, ತಾಂಡೇಲ ಊಟಕ್ಕೆ ಕೂತರೆ ಎಲ್ಲರೂ ಕೂರಬೇಕು, ತಾಂಡೇಲ ಚಪ್ಪಲಿ ಬಿಟ್ಟರೆ ಎಲ್ಲರೂ ಬಿಡಬೇಕು. ಅವನು ತೊಡದ ಜಾಕೆಟ್ಟನ್ನು ಇನ್ನೊಬ್ಬ ತೊಟ್ಟರೆ, ಅಣ್ಣಾ ನಿನ್ನ ಕೈ ಮೇಲೆ ನನಗೆ ಅನುಮಾನ ಅಂತ ಮುಖಕ್ಕೇ ಹೇಳಿದ ಹಾಗೆ. ಒಂದು ಸಲ ಗಾಳಿ ಜೋರಾಗಿದ್ದಾಗ ಮಿಸ್ತ್ರಿ ಸುಮ್ಮನೆ ಹಾಕಿಕೊಂಡ. ಅಡುಗೆಯವನು ಅವನಿಗೆ ಬಾಣಂತಿ ಅಂತ ಹೆಸರಿಟ್ಟು, ಮೈಗೆ ಶೀತ ಆಯ್ತಾ, ಕಿವಿಗೆ ಹತ್ತಿ ಬೇಕಾ ಅಂತ ವಾರಗಟ್ಟಲೆ ಪ್ರಾಣ ಹಿಂಡಿದ. ಅಲ್ಲಿಗೆ ಮಿಸ್ತ್ರಿಯ ಜಾಕೆಟ್ಟು ಮೊಣಕಾಲಿನ ಕೆಳಗೆ ಹೋಯಿತು. ತಾಂಡೇಲನೂ ಎಲ್ಲರ ಜೊತೆ ನಕ್ಕಿದ್ದ, ಎಲ್ಲರಿಗಿಂತ ಜೋರಾಗಿ.

ಹೀಗಿರುವಾಗ ಬಾಮೈದ ಬೋಟಿಗೆ ಸೇರಿದ.

ಹೆಂಡತಿಯ ತಮ್ಮ. ಕಡ್ಡಿ ಪೈಲ್ವಾನ್, ಬಾಯಿ ಮಾತ್ರ ಬಂಡಿ ಗಾತ್ರ. ಮೊಬೈಲ್ ಅಂಗಡಿ, ಗ್ಯಾರೇಜು, ಲಾರಿ ಆಫೀಸು, ಎಲ್ಲೂ ನಿಲ್ಲದೆ ಕೊನೆಗೆ ಭಾವನ ಬಾಲ ಹಿಡಿದಿದ್ದ. ಅವನ ತಾಯಿ ತೀರಿಕೊಂಡಾಗ ಅವನಿನ್ನೂ ಹಲ್ಲು ಬೀಳುವ ವಯಸ್ಸಿನವನು, ಅಕ್ಕನೇ ಎತ್ತಿ ಆಡಿಸಿದವಳು. ಈ ಅಕ್ಕ ಟೈಲರು. ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ತಮ್ಮನನ್ನು ಕಳಿಸುವ ಹಿಂದಿನ ದಿನ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ಗಂಡನ ಕಡೆ ತಿರುಗಿದಳು. ಅವಳು ಸೂಜಿ ತೆಗೆದಿಟ್ಟು ಮಾತಾಡಿದರೆ ವಿಷಯ ದೊಡ್ಡದು ಅಂತಲೇ ಅರ್ಥ.

"ಇವನಿಗೆ ಈಜು ಬರಲ್ಲ ರೀ."

"ಗೊತ್ತು ಕಣೇ."

"ಆ ಕಿತ್ತಳೆ ಜಾಕೆಟ್ ಹಾಕ್ಕೊಂಡೇ ಇರಬೇಕು. ಹತ್ತಿದಾಗಿಂದ ಇಳಿಯೋವರೆಗೂ. ನೀವು ನೋಡ್ಕೋಬೇಕು."

"ನೋಡ್ಕೋತೀನಿ."

"ನಿಮ್ಮ ಕೈಗೆ ಕೊಡ್ತಿದ್ದೀನಿ. ಹೀಗೇ ವಾಪಸ್ ತಂದುಕೊಡಿ."

"ಅಯ್ಯೋ, ಇವನನ್ನ ಯಾರು ಇಟ್ಕೋತಾರೆ? ಕಡಲೂ ಬೇಡ ಅನ್ನುತ್ತೆ" ಅಂತ ತಾಂಡೇಲ ನಕ್ಕ. ಅವಳು ನಗಲಿಲ್ಲ. ಆಮೇಲೆ ಅವನೂ ನಗು ನುಂಗಿ, ಆಣೆ ಮಾಡಿದ ಹಾಗೆ ತಲೆಯಾಡಿಸಿದ.

ಮೊದಲ ದಿನ ತಾಂಡೇಲ ತನ್ನ ಸೀಟಿನಿಂದಲೇ ಜಾಕೆಟ್ಟು ಎಳೆದು, ಕೊಡವಿ, ಬಾಮೈದನಿಗೆ ತೊಡಿಸಿದ. ಅವನು ಹಾಕಿಕೊಂಡು ಹೊರಗೆ ಬಂದ ಕೂಡಲೇ ಅಡುಗೆಯವನು ಚಾಕು ಕೆಳಗಿಟ್ಟು, "ಬಂದಳಪ್ಪ ಎರಡನೇ ಬಾಣಂತಿ" ಅಂದ. ಮಿಸ್ತ್ರಿಗಂತೂ ಸ್ವರ್ಗವೇ ಸಿಕ್ಕಿತು. ಐದು ವರ್ಷದ ಮೇಲೆ ಆ ಹೆಸರು ಅವನ ತಲೆಯಿಂದ ಇಳಿದು ಬೇರೆಯವನ ತಲೆಗೆ ಹತ್ತಿತ್ತು, ಬಿಡುತ್ತಾನೆಯೇ? ಬಾಮೈದ ಕ್ಯಾಬಿನ್ನಿಗೆ ಬಂದು ಮೆಲ್ಲಗೆ ಕೇಳಿದ.

"ಭಾವ, ನೀವು ಹಾಕಲ್ವಾ?"

"ನನಗ್ಯಾಕೋ?"

"ಅಲ್ಲ, ನೀವು ಹಾಕಿದ್ರೆ ಇವರು ಬಾಯಿ ಮುಚ್ಕೋತಿದ್ರು."

ತಾಂಡೇಲ ಚುಕ್ಕಾಣಿ ನೋಡಿದ, ನೀರು ನೋಡಿದ, ದೂರದ ಬೋಟು ನೋಡಿದ, ಬಾಮೈದನ ಮುಖವನ್ನು ಮಾತ್ರ ನೋಡಲಿಲ್ಲ. "ಹೋಗು, ಹಗ್ಗ ಸುತ್ತು" ಅಂದ.

ಮೂರನೆಯ ದಿನಕ್ಕೆ ಜಾಕೆಟ್ಟು ಮತ್ತೆ ಸೀಟಿನ ಮೇಲಿತ್ತು. "ನಿಮ್ಮ ಸೀಟು ಗಟ್ಟಿ ಇದೆಯಲ್ಲ ಭಾವ, ನೋವಾಗುತ್ತೆ" ಅಂತ ಬಾಮೈದನೇ ತಂದು ಹಾಸಿದ್ದ. ಮನೆಯಲ್ಲಿ ಕೊಟ್ಟ ಮಾತು ತಾಂಡೇಲನಿಗೆ ನೆನಪಿರಲಿಲ್ಲ ಅಂತಲ್ಲ. ನೆನಪಿತ್ತು. ಆದರೆ ಹಾಳು ಮನಸ್ಸು ನೋಡಿ, ಹುಡುಗನಿಗೆ ನನ್ನ ಮೇಲೆ ಎಷ್ಟು ನಂಬಿಕೆ ಬಂದುಬಿಟ್ಟಿತಲ್ಲ ಅಂತ ಒಳಗೊಳಗೇ ಹಿಗ್ಗಿತು. ಅವನು ಆ ಹಿಗ್ಗಿನ ಸಮೇತ ಜಾಕೆಟ್ಟಿನ ಮೇಲೆ ಕೂತ.

ಆಮೇಲೆ ಆದದ್ದಕ್ಕೆ ಬಿರುಗಾಳಿಯೂ ಇರಲಿಲ್ಲ, ಗುಡುಗೂ ಇರಲಿಲ್ಲ. ಅಂಥದ್ದೇನಾದರೂ ಇದ್ದಿದ್ದರೆ ಅದರ ಮೇಲೆ ತಪ್ಪು ಹಾಕಬಹುದಿತ್ತು. ಒಳ್ಳೇ ಬಿಸಿಲು, ತೊಟ್ಟಿಯ ನೀರಿನ ಹಾಗೆ ಸುಮ್ಮನಿದ್ದ ಕಡಲು. ಬಲೆ ಇಳಿಸುತ್ತಿದ್ದರು. ಬೋಟು ಮುಂದೆ ಹೋದ ಹಾಗೆ ಹಿಂದಿನಿಂದ ಹಗ್ಗ ಸುರುಳಿ ಬಿಚ್ಚಿಕೊಂಡು ಸರಸರ ನೀರಿಗೆ ಹೋಗುತ್ತಿತ್ತು. ತಾಂಡೇಲ ವೈರ್‌ಲೆಸ್ಸಿನಲ್ಲಿ ಪಕ್ಕದ ಬೋಟಿನ ತಾಂಡೇಲನ ಜೊತೆ ಹರಟುತ್ತಿದ್ದ. ಆ ತಾಂಡೇಲನಿಗೆ ಗುಡಾಣ ಅಂತ ಹೆಸರು, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರಲ್ಲಿ ಯಾರ ಹೊಟ್ಟೆ ದೊಡ್ಡದು ಅನ್ನುವುದು ಅವರ ನಿತ್ಯದ ಚರ್ಚೆ.

"ಲೋ ಗುಡಾಣ, ನಿನ್ನ ಬೋಟು ಒಂದು ಕಡೆ ವಾಲಿದೆ ಕಣೋ. ನೀನು ನಡುವೆ ಕೂತ್ಕೋ."

"ನಿಂದು ಮುಳುಗ್ತಾ ಇದೆ ಪೀಪಾಯಿ, ನೀನು ಇಳಿದು ನಡ್ಕೊಂಡು ಬಾ."

ಹೀಗೆ ನಗುತ್ತಾ ತಾಂಡೇಲ ಹಿಂದೆ ತಿರುಗಿದ. ಬಾಮೈದನ ಎಡಗಾಲು ಹಗ್ಗದ ಸುರುಳಿಯೊಳಗಿತ್ತು. ಕಣ್ಣಿಗೆ ಬಿತ್ತು. ಕಾಲು ತೆಗೆಯೋ ಅಂತ ಕೂಗಬೇಕು ಅಂದುಕೊಂಡ, ಆದರೆ ಗುಡಾಣನಿಗೊಂದು ಉತ್ತರ ನಾಲಿಗೆಯ ತುದಿಯಲ್ಲಿತ್ತು, ಅದನ್ನು ಮೊದಲು ಹೇಳಿದ. ಅಷ್ಟೇ ಹೊತ್ತು. ಮತ್ತೆ ನೋಡಿದರೆ ಅಲ್ಲಿ ಬಾಮೈದನಿಲ್ಲ.

"ಬಿದ್ದ! ಬಿದ್ದ!" ಅಂತ ಅಡುಗೆಯವನು ಅರಚಿಕೊಂಡ.

ತಾಂಡೇಲನ ಕೈ ತಾನೇ ಹೋಗಿ ಎಂಜಿನ್ನನ್ನು ನ್ಯೂಟ್ರಲ್ಲಿಗೆ ಹಾಕಿತು. ಬೋಟಿನ ಕೆಳಗೆ ನೀರಿನಲ್ಲಿ ತಿರುಗುವ ಫ್ಯಾನು ಮನುಷ್ಯನನ್ನು ಕೊಚ್ಚಿಹಾಕುತ್ತೆ. "ಹಗ್ಗ ಕಡೀರೋ! ಬಲೆ ಹಾಳಾಗಿ ಹೋಗಲಿ, ಕಡೀರಿ!" ಮಿಸ್ತ್ರಿ ಕೊಡಲಿ ಬೀಸಿದ. ದೇವರು ದೊಡ್ಡವನು, ಹಗ್ಗ ಕಾಲಿನ ಬದಲು ಚಪ್ಪಲಿಯನ್ನು ಎಳೆದುಕೊಂಡು ಹೋಗಿತ್ತು. ಹಿಂದೆ ನೀರಿನಲ್ಲಿ ಒಂದು ತಲೆ ಮೇಲೆ ಬಂತು, ಎರಡು ಕೈ ಬಂದವು, ಭಾವಾ ಅಂತ ಅರ್ಧ ಕೂಗು ಬಂತು, ಮತ್ತೆ ಹೋಯಿತು. ಹಾರಿಬಿಡಬೇಕು ಅಂತ ತಾಂಡೇಲನ ಜೀವ ಬಡಿದುಕೊಂಡಿತು. ಆದರೆ ಅವನು ಹಾರಿದರೆ ಬೋಟನ್ನು ಹಿಂದೆ ತರುವವರು ಯಾರು? ಬೋಟು ನಡೆಸುವವನು ಚುಕ್ಕಾಣಿ ಬಿಡುವ ಹಾಗಿಲ್ಲ. ಚುಕ್ಕಾಣಿ ಹಿಡಿದೇ ಕೂಗಿದ.

"ಜಾಕೆಟ್ ಎಸೀರೋ! ಜಾಕೆಟ್ಟು!"

ಅಡುಗೆಯವನು ಕೈಗೆ ಹತ್ತಿರ ಸಿಕ್ಕಿದ್ದನ್ನೇ, ಟೈರಿನ ಪಕ್ಕ ನೇತಾಡುತ್ತಿದ್ದುದನ್ನೇ, ಚಾಕುವಿನಿಂದ ಕೊಯ್ದು ಬೀಸಿ ಎಸೆದ. ಗುರಿಯೇನೋ ಅದ್ಭುತ, ಬಾಮೈದನ ಮೂಗಿನ ಮುಂದೆಯೇ ಬಿತ್ತು. ಬಿದ್ದು, ಬುಳಬುಳ ಅಂದು, ನೆಟ್ಟಗೆ ತಳಕ್ಕೆ ಹೋಯಿತು. ತನ್ನ ಕೈಯಾರೆ ತುಂಬಿದ ಗೋಣಿ, ತನ್ನ ಕೈಯಾರೆ ಹಾಕಿದ ಹೊಲಿಗೆ. ಅಡುಗೆಯವನು ಬಾಯಿ ತೆರೆದುಕೊಂಡು ನೋಡುತ್ತಾ ನಿಂತುಬಿಟ್ಟ.

ತಾಂಡೇಲ ತನ್ನ ಸೀಟಿಗೆ ಕೈ ಹಾಕಿದ. ಆ ಜಾಕೆಟ್ಟು ಐದು ವರ್ಷ ಅವನ ಭಾರ ಹೊತ್ತು ಹಲಗೆಯ ಹಾಗೆ ಚಪ್ಪಟೆಯಾಗಿತ್ತು, ಅಂಡಿನ ಅಚ್ಚು ಒಡವೆಯ ಪೆಟ್ಟಿಗೆಯೊಳಗಿನ ಕುಳಿಗಳ ಹಾಗೆ ಎರಡೂ ಕಡೆ ಮೂಡಿತ್ತು. ಕ್ಯಾಬಿನ್ನಿನ ಬಾಗಿಲಿಗೆ ಬಂದು ಎಸೆದ. ಅದೂ ಮುಳುಗಿತು. ಅಯ್ಯೋ ಮುಗೀತು ಅಂತ ಅವನ ಬಾಯಿಂದ ಬಂತು. ಆಮೇಲೆ ಏನನ್ನಿಸಿತೋ ಏನೋ ಅದಕ್ಕೆ, ಸೋಮಾರಿಯ ಹಾಗೆ ಮೆಲ್ಲಗೆ ಮೇಲೆದ್ದು, ಒಂದು ಮೂಲೆ ಹೊರಗೆ ಹಾಕಿ ತೇಲಿತು. ಬಾಮೈದ ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡ. ಮುಖ ಮಾತ್ರ ಮೇಲೆ, ಮೂಗಿನವರೆಗೆ. ಸಾಕಾಗಿತ್ತು.

ಬೋಟು ಹಿಂದೆ ಬಂದು, ಮಿಸ್ತ್ರಿ ಕೊಕ್ಕೆಕೋಲು ಚಾಚಿ, ಅದು ಹುಡುಗನ ಚಡ್ಡಿಗೆ ಸಿಕ್ಕಿ, ಮೂವರೂ ಸೇರಿ ಚಡ್ಡಿ ಸಮೇತ ಎತ್ತಿ ಹಾಕಿದರು. ಬಾಮೈದ ಬೆಳಗಿನ ತಿಂಡಿಯನ್ನೂ ಒಂದು ಕೊಡ ಕಡಲನ್ನೂ ಕಕ್ಕಿದ. ತಾಂಡೇಲ ಅವನ ಕೆನ್ನೆಗೆ ಎರಡು ಬಾರಿಸಿದ, ಆಮೇಲೆ ಅವನನ್ನು ತಬ್ಬಿ ಹಿಡಿದು ಮಕ್ಕಳ ಹಾಗೆ ಗೊಳೋ ಅಂತ ಅತ್ತ. ವೈರ್‌ಲೆಸ್ಸಿನಲ್ಲಿ ಗುಡಾಣ, "ಏನಾಯ್ತೋ? ಪೀಪಾಯಿ, ಏನಾಯ್ತೋ ಹೇಳೋ?" ಅಂತ ಒಂದೇ ಸಮ ಕೇಳುತ್ತಿದ್ದ.

ವಾಪಸ್ಸು ಬರುವಾಗ ಬಂದರು ಕಾಣಿಸಿದ ಮೇಲೆ ಅಡುಗೆಯವನೇ ಹತ್ತಿರ ಬಂದು, "ಅತ್ತಿಗೆಗೆ ಹೇಳೋದು ಬೇಡ ಅಣ್ಣ" ಅಂದ.

"ಅಕ್ಕನಿಗೆ ಹೇಳ್ಬೇಡಿ ಭಾವ" ಅಂತ ಬಾಮೈದನೂ ಅಂದ. "ಸಾಯಿಸಿಬಿಡ್ತಾಳೆ. ನನ್ನನ್ನಲ್ಲ, ನಿಮ್ಮನ್ನ."

ತಾಂಡೇಲ ಹೂಂ ಅಂದ. ಅವತ್ತು ಅವನ ಮೈಯಲ್ಲಿ ಸತ್ಯಕ್ಕೆ ಬೇಕಾದಷ್ಟು ತ್ರಾಣವಿರಲಿಲ್ಲ.

ಮನೆಗೆ ಹೋದರೆ ಅವಳು ಮಷೀನಿನ ಮುಂದೆ ಕೂತಿದ್ದಳು. ತಲೆ ಎತ್ತಿ ತಮ್ಮನ ಕಾಲು ನೋಡಿದಳು. ಬಲಗಾಲಿಗೆ ಚಪ್ಪಲಿ ಇತ್ತು, ಎಡಗಾಲು ಬರಿದು. ಮಷೀನು ನಿಂತಿತು. ಬಾಯಿಂದ ಒಂದು ಸೂಜಿ ತೆಗೆದಿಟ್ಟಳು. ಎರಡನೆಯದು. ಮೂರನೆಯದು. ತಾಂಡೇಲನಿಗೆ ಕಡಲಿನ ನಡುವೆಯೂ ಅಷ್ಟು ಹೆದರಿಕೆ ಆಗಿರಲಿಲ್ಲ.

"ಚಪ್ಪಲಿ ಎಲ್ಲೋ?"

"ಜಾರಿ ನೀರಿಗೆ ಬಿತ್ತು ಅಕ್ಕ."

"ಚಪ್ಪಲಿ ಮಾತ್ರ ಬಿತ್ತಾ?"

"ಹೂಂ."

"ಜಾಕೆಟ್ ಹಾಕಿದ್ದೆಯಾ?"

"ಹಾಕಿದ್ದೆ ಅಕ್ಕ, ಹಾಕದೆ ಇರ್ತೀನಾ?" ಅಂದ ಪುಣ್ಯಾತ್ಮ, ಭಾವನ ಮಾನ ಕಾಯಲು. ಅಂದ ಮೇಲೆ ಕೆಮ್ಮಿದ. ಕೆಮ್ಮಿದರೆ ಎದೆಯೊಳಗೆ ನೀರು ಗೊರಗೊರ ಅಂತು.

ನೀರು ಕುಡಿದು ಬಂದವನು ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾನೆ, ಒಣ ಬಟ್ಟೆಯಲ್ಲಿ ನಿಂತ ನಾನು ಕೇಳಿಸಿಕೊಳ್ಳುತ್ತಿದ್ದೇನೆ ಅನ್ನಿಸಿದ್ದೇ ತಾಂಡೇಲ ಬಾಮೈದನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ.

"ಇಲ್ಲ ಕಣೇ. ಹಾಕಿರಲಿಲ್ಲ. ಇವನೇ ಬಿದ್ದಿದ್ದು. ಹೋಗಿಬಿಟ್ಟಿದ್ದ." ಹುಡುಗನ ಬರಿಗಾಲು ತೋರಿಸಿದ. "ನಾನು ಹಾಕಲ್ಲ ಅಂತ ಯಾರೂ ಹಾಕಲ್ಲ. ಅದಕ್ಕೇ ಇವನೂ ತೆಗೆದಿಟ್ಟ. ನಾನು ನೋಡಿದೆ, ಸುಮ್ಮನಿದ್ದೆ."

ಅವಳು ಎದ್ದು ಬಂದು ತಮ್ಮನ ತಲೆ, ಭುಜ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಗಂಡನ ಎದುರು ನಿಂತಳು.

"ನೀವ್ಯಾಕೆ ಹಾಕಲ್ಲ?"

ಅವನು ನೆಲದ ಮೇಲಿದ್ದ ಬಟ್ಟೆ ಚೂರನ್ನು ಕಾಲಿನಿಂದ ಸರಿಸಿದ.

"ಕೇಳ್ತಿದ್ದೀನಲ್ಲ, ಯಾಕೆ ಹಾಕಲ್ಲ?"

"ಪಟ್ಟಿ ಸಾಲಲ್ಲ."

"ಏನು?"

"ಪಟ್ಟಿ ಕಣೇ! ಹೊಟ್ಟೆ ಸುತ್ತ ಬರಲ್ಲ. ಒಂದು ಗೇಣು ಕಮ್ಮಿ. ಹುಡುಗರು ನಗ್ತಾರೆ ಅಂತ ಹೇಳಲಿಲ್ಲ."

ಬಾಮೈದ ಭಾವನ ಹೊಟ್ಟೆಯನ್ನೇ ನೋಡುತ್ತಿದ್ದ, ಮೊದಲ ಸಲ ನೋಡುವವನ ಹಾಗೆ. ಅವಳ ಮುಖ ಕೆಂಪಾಯಿತು. ಬೈಗುಳ ಬರುತ್ತೆ ಅಂತ ತಾಂಡೇಲ ತಲೆ ತಗ್ಗಿಸಿದ. ಬಂತು, ಆದರೆ ಅವನು ಎಣಿಸಿದ್ದಲ್ಲ.

"ಐದು ವರ್ಷ! ಮನೇಲಿ ಟೈಲರನ್ನ ಇಟ್ಕೊಂಡು! ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ! ಬೀದೀಲಿರೋ ಹೊಟ್ಟೆಗೆಲ್ಲ ನಾನು ಬಟ್ಟೆ ಸಡಿಲ ಮಾಡಿ ಕೊಟ್ಟಿದ್ದೀನಿ, ಒಬ್ಬರ ಹೊಟ್ಟೆ ನೋಡಿಯಾದ್ರೂ ನಕ್ಕಿದ್ದೀನಾ? ಒಂದು ಗೇಣು ಪಟ್ಟಿ ರೀ! ಒಂದು ಟೀ ಕುಡಿಯೋ ಹೊತ್ತಿನ ಕೆಲಸ! ಅಷ್ಟಕ್ಕೆ ನನ್ನ ತಮ್ಮ ಹೋಗಿಬಿಡ್ತಿದ್ದನಲ್ಲ!"

ಇಷ್ಟು ಹೇಳಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ತಾಂಡೇಲ ಪಕ್ಕದಲ್ಲಿ ಕೂತ. ಸಮಾಧಾನ ಮಾಡುವ ಮುಖ ಅವನಿಗಿರಲಿಲ್ಲ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಅವಳೇ ಹೇಳಿದಳು: "ಹೋಗಿ ಅಂಗಡಿಯಿಂದ ಹೊಸ ಜಾಕೆಟ್ ತನ್ನಿ, ನಾಲ್ಕು. ಇವನನ್ನಂತೂ ನಾಳೆ ಕಳಿಸಲ್ಲ. ನಿಮ್ಮ ಜೊತೆ ಕಳಿಸಲ್ಲ."

ತಂದ. ಅಳತೆಯ ಟೇಪು ಅವನ ಸುತ್ತ ಬಂದು, ಇನ್ನೇನು ಮುಗಿಯುತ್ತೆ ಅನ್ನುವಾಗ ಮುಟ್ಟಿತು. ಅವಳು ನಗಲಿಲ್ಲ. ಯಾರೋ ಜಿಪ್ಪು ರಿಪೇರಿಗೆ ಕೊಟ್ಟು ಮರೆತುಹೋದ ಸ್ಕೂಲ್ ಬ್ಯಾಗೊಂದು ಮೂಲೆಯಲ್ಲಿತ್ತು, ಅದರ ಪಟ್ಟಿ ಗಟ್ಟಿ ನೈಲಾನು. ಕತ್ತರಿಸಿ, ಒಂದರ ಮೇಲೊಂದು ಹೊಲಿಗೆ ಹಾಕಿ, ತುಂಬಿದ ಬಕೆಟ್ಟು ನೇತುಹಾಕಿ ಎಳೆದು ನೋಡಿದಳು. ಪಟ್ಟಿಯ ಬಣ್ಣ ಗುಲಾಬಿ, ಮೇಲೆ ಚಿಟ್ಟೆಗಳ ಚಿತ್ರ. ಬೇರೆ ಬಣ್ಣ ಇರಲಿಲ್ಲವಾ ಅಂತ ಕೇಳಲು ತಾಂಡೇಲ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

ಬೆಳಗ್ಗೆ ಅವನು ಅದನ್ನು ತೊಟ್ಟು ಬಂದರಿನ ಕಟ್ಟೆಯ ಮೇಲೆ ನಡೆದು ಬಂದಾಗ ನಗದವರು ಪಾಪಿಗಳು. ಐಸ್ ಹೊರುವವರು ಐಸ್ ಇಳಿಸಿ ನಕ್ಕರು. ಗುಡಾಣ ತನ್ನ ಬೋಟಿನ ಮೇಲಿಂದ, "ಪೀಪಾಯಿಗೆ ಚಿಟ್ಟೆ ಕೂತಿದೆ ನೋಡ್ರೋ! ಸ್ಕೂಲಿಗೆ ಲೇಟಾಯ್ತೇನಮ್ಮಾ?" ಅಂತ ಕೂಗಿದ. ತಾಂಡೇಲನ ಕಿವಿ ಸುಡುತ್ತಿತ್ತು. ತನ್ನ ಬೋಟಿನ ಮುಂದೆ ನಿಂತು ಎರಡು ಹೊಸ ಜಾಕೆಟ್ಟು ನೆಲದ ಮೇಲಿಟ್ಟ.

"ನನ್ನ ಹೊಟ್ಟೆಗೆ ಪಟ್ಟಿ ಸಾಲ್ತಿರಲಿಲ್ಲ ಕಣ್ರೋ. ಅದಕ್ಕೇ ಅವತ್ತು ದೊಡ್ಡ ದೊಡ್ಡ ಮಾತಾಡಿದೆ. ಅದು ಶೂರತನ ಅಲ್ಲ, ಬರೀ ಬೊಜ್ಜು. ಈಗ ನಕ್ಕುಬಿಡಿ, ಮನಸ್ಸು ತುಂಬ ನಗಿ. ನಕ್ಕಾದ ಮೇಲೆ ಇದನ್ನ ಹಾಕ್ಕೊಂಡು ಹತ್ತಿ. ಹಾಕದೋನು ಮನೆಗೆ ಹೋಗಿ ಈರುಳ್ಳಿ ಹೆಚ್ಚಲಿ."

ಅಡುಗೆಯವನು ನಗಲಿಲ್ಲ. ತಳಕ್ಕೆ ಹೋದ ಆ ಜಾಕೆಟ್ಟು ಅವನ ಕಣ್ಣಿಂದ ಇನ್ನೂ ಹೋಗಿರಲಿಲ್ಲ. ಮೊದಲು ಬಗ್ಗಿ ಎತ್ತಿಕೊಂಡವನು ಅವನೇ. ಮಿಸ್ತ್ರಿ ಅವನನ್ನು ನೋಡಿ, "ಬಾಣಂತಿ" ಅಂತ ಮೆಲ್ಲಗೆ ಅಂದು, ತಾನೂ ಹಾಕಿಕೊಂಡ.

ಹೊರಡಲು ಹಗ್ಗ ಬಿಚ್ಚುವಷ್ಟರಲ್ಲಿ ಕಟ್ಟೆಯ ಆ ತುದಿಯಿಂದ ಅವಳು ಬರುವುದು ಕಾಣಿಸಿತು. ಜೊತೆಗೆ ತಮ್ಮ, ಮೈಮೇಲೆ ಜಾಕೆಟ್ಟು, ಕಾಲಿಗೆ ಹೊಸ ಚಪ್ಪಲಿ. ಅವಳು ನೇರ ಗಂಡನ ಹತ್ತಿರ ಬಂದು, ಎಲ್ಲರ ಎದುರಿಗೇ ಚಿಟ್ಟೆಯ ಪಟ್ಟಿ ಹಿಡಿದು ಜಗ್ಗಿದಳು. ಅಡುಗೆಯವನದನ್ನು ಜಗ್ಗಿದಳು, ಮಿಸ್ತ್ರಿಯದನ್ನೂ ಜಗ್ಗಿದಳು. ಒಂದೂ ಸಡಿಲವಿರಲಿಲ್ಲ.

"ಕರ್ಕೊಂಡು ಹೋಗಿ" ಅಂದಳು.

"ಕಳಿಸಲ್ಲ ಅಂದಿದ್ದೆ?"

"ಅದು ನಿನ್ನೆ ಜಾಕೆಟ್ ಇಲ್ಲದೆ ನಿಂತಿದ್ದೋರಿಗೆ ಅಂದಿದ್ದು."

ಬೋಟು ಬಂದರಿನ ಬಾಯಿ ದಾಟಿತು. ಸೀಟು ನಿಜಕ್ಕೂ ಗಟ್ಟಿಯಾಗಿತ್ತು, ತಾಂಡೇಲ ಆ ಕಡೆ ಈ ಕಡೆ ಹೊರಳಿದ. ತಿರುಗಿ ನೋಡಿದರೆ ಹಿಂದೆ ಮೂರು ಕಿತ್ತಳೆ ಬೆನ್ನು. ಬಾಮೈದನ ಕಾಲು ಎಲ್ಲಿದೆ ಅಂತ ಮೊದಲು ನೋಡಿಕೊಂಡ, ಸುರುಳಿಯಿಂದ ದೂರವಿತ್ತು. ಆಗ ವೈರ್‌ಲೆಸ್ಸು ಕರಕರ ಅಂತು. ಗುಡಾಣ. ದನಿ ತಗ್ಗಿಸಿ ಮಾತಾಡುತ್ತಿದ್ದ, ವೈರ್‌ಲೆಸ್ಸಿನಲ್ಲಿ ದನಿ ತಗ್ಗಿಸಿದರೂ ಎಲ್ಲ ಬೋಟಿಗೂ ಕೇಳುತ್ತೆ ಅನ್ನುವುದನ್ನು ಮರೆತು.

"ಲೋ... ನಿಮ್ಮ ಮನೆಯವರು ಎರಡು ಗೇಣಿನವರೆಗೂ ಹೊಲಿದು ಕೊಡ್ತಾರೇನೋ?"

ಕಡಲಿನ ಮೇಲೆ ಅಷ್ಟು ಬೋಟುಗಳಿದ್ದವು, ಯಾವುದರಿಂದಲೂ ನಗು ಬರಲಿಲ್ಲ. ಇನ್ಯಾವುದೋ ಬೋಟಿನಿಂದ ಯಾರೋ ಕೆಮ್ಮಿದರು.

"ಇಲ್ಲೂ ಒಂದು ಬೇಕಿತ್ತು ಅಣ್ಣ" ಅಂತು ಆ ದನಿ.